ಕಡಲೆಕಾಯಿ ತಳಿಗಳಲ್ಲಿ ಎಲೆಚುಕ್ಕೆ, ತುಕ್ಕು ತಡೆಯುವ ಗುಣ ಪರೀಕ್ಷಿಸುವುದು ಹೇಗೆ? (ಮಂಡ್ಯ ಭಾಗ, ಮುಂಗಾರು)

ನಾಗಮಂಗಲ_ಬೆದ್ದಲು

ಎಲ್ರಿಗೂ ನಮಸ್ಕಾರ. ನಮ್ಮ ಕಡೆ ಅಕ್ಕಪಕ್ಕದ ಊರಿನ ರೈತರು ಸೇರಿ ಈ ಮುಂಗಾರಿಗೆ 20 ಕಡಲೆಕಾಯಿ ತಳಿಗಳನ್ನ ಒಂದೇ ಹೊಲದಲ್ಲಿ ಹಾಕಬೇಕು ಅಂತಿದ್ದೀವಿ. ಟಿಎಂವಿ 2, ಜೆಎಲ್ 24, ಕದಿರಿ 6, ಕದಿರಿ ಲೇಪಾಕ್ಷಿ, ಕೆಸಿಜಿ 6, ಜಿಪಿಬಿಡಿ 4 ಕೈಗೆ ಸಿಕ್ಕಿವೆ, ಉಳಿದವು ಮನೆಬೀಜ. ಎಲೆಚುಕ್ಕೆ (ಟಿಕ್ಕಾ), ತುಕ್ಕು ಎರಡನ್ನೂ ತಡೆಯೋದು ಯಾವುದು ಅಂತ ನೋಡೋದು ಉದ್ದೇಶ. ಕೆಂಪು ಮರಳುಮಣ್ಣು, ಬೋರ್ ನೀರಿದೆ, ಒಂದು ಸೆಟ್ ಸ್ಪ್ರಿಂಕ್ಲರ್ ಇದೆ. ತಳಿಗೆ ಎರಡು ಸಾಲು ಹಾಕಿ, ರೋಗದ ಔಷಧಿ ಏನೂ ಹೊಡೀದೆ, ಕೀಳೋ ಹೊತ್ತಿಗೆ ಹಸಿರಾಗಿ ನಿಂತಿರೋದನ್ನ ಆರಿಸಿಕೊಂಡ್ರೆ ಸಾಕಾ?

ಸಸ್ಯರೋಗ_ಮಂಡ್ಯ

ಸಾಲದು ಅಣ್ಣ. ಕೀಳುವಾಗ ಹಸಿರಾಗಿರುವ ಗಿಡ ರೋಗ ತಡೆದಿದೆ ಎನ್ನುವುದಕ್ಕೆ ಆಧಾರವಿಲ್ಲ. ಅದರ ಹತ್ತಿರಕ್ಕೆ ಬೀಜಾಣು ಬಾರದೇ ಇದ್ದಿರಬಹುದು. ಅಥವಾ ಅದು 125 ದಿನದ ತಳಿಯಾಗಿದ್ದು, ಪಕ್ಕದ 105 ದಿನದ ತಳಿ ಮಾಗಿ ಎಲೆ ಉದುರಿಸುವಾಗ ಇದಿನ್ನೂ ಎಳೆಯದಾಗಿರಬಹುದು. ಹೊಲದ ತಗ್ಗಿನಲ್ಲಿ ಇಬ್ಬನಿ ಹೆಚ್ಚು ಹೊತ್ತು ನಿಲ್ಲುತ್ತದೆ, ದಿಬ್ಬದಲ್ಲಿ ಬೇಗ ಆರುತ್ತದೆ. ಹಾಗಾಗಿ ಒಂದೇ ತಳಿ ಎರಡು ಕಡೆ ಎರಡು ಥರ ಕಾಣುತ್ತದೆ. ಪ್ರತಿ ತಳಿಯ ಮೇಲೂ ಒಂದೇ ಸಮನಾಗಿ ರೋಗ ಬೀಳುವಂತೆ ಮಾಡುವುದೇ ಈ ಪರೀಕ್ಷೆಯ ಮುಖ್ಯ ಕೆಲಸ. ಅದಾಗದಿದ್ದರೆ ಬರೆದುಕೊಂಡ ಅಂಕಗಳಿಗೆ ಅರ್ಥವಿಲ್ಲ.

ಇದಕ್ಕೆ ಎಲ್ಲರೂ ಅನುಸರಿಸುವ ವಿಧಾನ ಸೋಂಕು ಸಾಲು, ಅಂದರೆ ಅಕ್ಕಪಕ್ಕದ ಸಾಲಿಗೆ ರೋಗ ಹರಡಲೆಂದೇ ಹಾಕುವ ಸಾಲು. ಪ್ರತಿ 4 ಪರೀಕ್ಷಾ ಸಾಲಿಗೆ 1 ಸಾಲು ಟಿಎಂವಿ 2. ಅದು ಎಲೆಚುಕ್ಕೆ, ತುಕ್ಕು ಎರಡಕ್ಕೂ ಸುಲಭವಾಗಿ ತುತ್ತಾಗುವ ಹಳೆಯ ತಳಿ, 1940ರಲ್ಲಿ ತಿಂಡಿವನಂನಲ್ಲಿ ಬಿಡುಗಡೆಯಾದದ್ದು. ನಿಮ್ಮ ಹೊಲಕ್ಕೆ ಲೆಕ್ಕ ಹೀಗಾಗುತ್ತದೆ: ಸಾಲಿನ ಉದ್ದ 4 ಮೀಟರ್, ಸಾಲಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ತಳಿಗೆ 2 ಸಾಲಿನಂತೆ 20 ತಳಿಗೆ 40 ಸಾಲು, ನಡುವೆ ಮತ್ತು ಕೊನೆಗೆ ಸೇರಿ 11 ಸೋಂಕು ಸಾಲು, ಒಟ್ಟು 51 ಸಾಲು, ಅಗಲ ಸುಮಾರು 15 ಮೀಟರ್. ಇಂಥದ್ದು ಮೂರು ಪುನರಾವರ್ತನೆ ಬೇಕು, ನಡುವೆ 1 ಮೀಟರ್ ದಾರಿ. ಸುತ್ತ ಎರಡೆರಡು ಸಾಲು ಟಿಎಂವಿ 2 ಅಂಚು ಸೇರಿಸಿದರೆ ಮೂರು ಗುಂಟೆಯೊಳಗೆ ಮುಗಿಯುತ್ತದೆ. ಇಳಿಜಾರಿದ್ದರೆ ಒಂದೊಂದು ಪುನರಾವರ್ತನೆಯೂ ಒಂದೇ ಮಟ್ಟದ ನೆಲದಲ್ಲಿ ಬರಲಿ. ತಳಿಗಳ ಜಾಗವನ್ನು ಪ್ರತಿಯೊಂದರಲ್ಲೂ ಚೀಟಿ ಎತ್ತಿ ಬದಲಿಸಿ.

ಸೋಂಕು ಸಾಲು, ಅಂಚು ಸಾಲುಗಳನ್ನು ಜೂನ್ 20ರ ಸುಮಾರಿಗೆ ಹಾಕಿ, ಪರೀಕ್ಷಾ ತಳಿಗಳನ್ನು ಜುಲೈ ಮೊದಲ ವಾರ. ಹದಿನೈದು ದಿನದ ಈ ಮುನ್ನಡೆಯಿಂದ ಟಿಎಂವಿ 2ರಲ್ಲಿ ರೋಗ ಮೊದಲು ಕುದುರಿಕೊಳ್ಳುತ್ತದೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜುಲೈ ಬಿತ್ತನೆಗೆ 70ರಿಂದ 90ನೇ ದಿನ ಸರಿಯಾಗಿ ಆ ಮಳೆಗೇ ಸಿಗುತ್ತದೆ. ನಾಲೆ ನೀರಿನ ಬೇಸಿಗೆ ಬೆಳೆಯಲ್ಲಿ ಈ ಪರೀಕ್ಷೆಗೆ ಕೈಹಾಕಬೇಡಿ. ಆ ಒಣಬಿಸಿಲಿನಲ್ಲಿ ಟಿಎಂವಿ 2 ಕೂಡ ಚೊಕ್ಕವಾಗಿ ಕಾಣುತ್ತದೆ.

ಬಿತ್ತನೆಬೀಜ_ಹುಣಸೂರು

ಮೇಡಂ ಹೇಳಿದ ಲೆಕ್ಕಕ್ಕೆ ಬೀಜದ ಪ್ರಮಾಣ ಸೇರಿಸುತ್ತೇನೆ. ತಳಿಗೆ 6 ಸಾಲು, ಸಾಲಿಗೆ 40 ಗುಣಿ, ಅಂದರೆ 240 ಗಿಡ. ಮೊಳಕೆ ತಪ್ಪುವುದನ್ನು ಸೇರಿಸಿ 300 ಕಾಳು ಇಟ್ಟುಕೊಳ್ಳಿ. ಗೊಂಚಲು ತಳಿಗಳಲ್ಲಿ 100 ಕಾಳು 35ರಿಂದ 40 ಗ್ರಾಂ ತೂಗುತ್ತವೆ, ಹಾಗಾಗಿ ತಳಿಗೆ 120 ಗ್ರಾಂ ಕಾಳು, ಸಿಪ್ಪೆ ಸಹಿತ ಸುಮಾರು 175 ಗ್ರಾಂ ಕಾಯಿ. ಟಿಎಂವಿ 2 ಮಾತ್ರ 2 ಕಿಲೋ ಕಾಯಿ ಇರಲಿ.

ಮನೆಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ. ಅದರಲ್ಲಿ ಬೆರಕೆ ಇದ್ದೇ ಇರುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಗಿಡ ಕೆಟ್ಟು ಆರು ಗಿಡ ಚೆನ್ನಾಗಿದ್ದರೆ ಸರಾಸರಿ ಅಂಕ ಹಾಕಿ ಏನು ಮಾಡುವುದು? ಸುಲಿಯುವ ಮೊದಲೇ ಕಾಯಿಯ ಕೊಕ್ಕು, ನಡುವಿನ ಸೊಂಟ, ಸಿಪ್ಪೆಯ ಗೆರೆ, ಆಮೇಲೆ ಕಾಳಿನ ಬಣ್ಣ ನೋಡಿ ಬೇರ್ಪಡಿಸಿ. 40ನೇ ದಿನಕ್ಕೆ ಹಬ್ಬುವ ಗಿಡ, ನೆಟ್ಟಗೆ ನಿಲ್ಲುವ ಗಿಡ ಎರಡೂ ಒಂದೇ ಸಾಲಿನಲ್ಲಿ ಕಂಡರೆ ಕಡಿಮೆ ಇರುವ ಬಗೆಯನ್ನು ಕಿತ್ತುಬಿಡಿ.

ಬೀಜೋಪಚಾರ ಬಿಡಬೇಡಿ. ಕತ್ತು ಕೊಳೆ ಬಂದು ಸಾಲಿನಲ್ಲಿ ಗಿಡ ಸತ್ತರೆ ಆ ಖಾಲಿ ಜಾಗದಲ್ಲಿ ಗಾಳಿಯಾಡಿ ಎಲೆ ಬೇಗ ಆರುತ್ತದೆ, ಪಕ್ಕದ ಗಿಡಕ್ಕೆ ರೋಗ ಕಡಿಮೆಯಾಗುತ್ತದೆ, ಆ ತಳಿಗೆ ಸಿಗಬಾರದ ಒಳ್ಳೆಯ ಅಂಕ ಸಿಗುತ್ತದೆ. ಕಿಲೋ ಕಾಳಿಗೆ 3 ಗ್ರಾಂ ಥೈರಮ್ ಸಾಕು. ಟೆಬುಕೊನಜೋಲ್‌ನಂಥ ಗಿಡದೊಳಗೆ ಇಳಿಯುವ ಔಷಧಿ ಈ ಹೊಲಕ್ಕೆ ಬೇಡ.

ನಾಗಮಂಗಲ_ಬೆದ್ದಲು

ಬೀಜ, ಜಾಗ ಎರಡೂ ಹೊಂದಿಸ್ತೀವಿ. ರೋಗವನ್ನ ನಾವೇ ತಂದು ಹಾಕಬೇಕಾ, ಅಥವಾ ಟಿಎಂವಿ 2ಗೆ ತಾನಾಗೇ ಬರುತ್ತಾ? ಹಾಕೋದಾದ್ರೆ ಹೆಂಗೆ ಮೇಡಂ?

ನಾಲೆಬಯಲು_ತಿ.ನರಸೀಪುರ

ತಾನಾಗೇ ಬರುತ್ತೆ ಕಣಣ್ಣ. ಸೆಪ್ಟೆಂಬರ್ ಮಳೆ ಹಿಡಿದ್ರೆ ಎಲೆಚುಕ್ಕೆ ಇಲ್ಲದ ಕಡಲೆಕಾಯಿ ಹೊಲ ನಮ್ಮ ಕಡೆ ಎಲ್ಲಿದೆ? ಹೋದ ಸಲ ಕಡಲೆಕಾಯಿ ಹಾಕಿದ್ದ ಜಾಗದಲ್ಲೇ ಹಾಕಿ, ಉದುರಿದ ಎಲೆಯಿಂದಲೇ ಶುರುವಾಗುತ್ತೆ. ರೋಗ ತಂದು ಎರಚೋದೆಲ್ಲ ಸಂಶೋಧನಾ ಕೇಂದ್ರದ ಕೆಲಸ.

ಸಸ್ಯರೋಗ_ಮಂಡ್ಯ

ಎಲೆಚುಕ್ಕೆಯ ಮಟ್ಟಿಗೆ ನೀವು ಹೇಳಿದ್ದು ಅರ್ಧ ನಿಜ. ಅದರ ಶಿಲೀಂಧ್ರ ಬಿದ್ದ ಎಲೆಯಲ್ಲಿ ಉಳಿಯುತ್ತದೆ, ಹಳೆಯ ಜಾಗ ಖಂಡಿತ ಸಹಾಯ ಮಾಡುತ್ತದೆ. ತುಕ್ಕು ತರುವ ಪುಕ್ಸಿನಿಯಾ ಅರಾಚಿಡಿಸ್ ಎಂಬ ಶಿಲೀಂಧ್ರ ಹಾಗಲ್ಲ. ಅದಕ್ಕೆ ಜೀವಂತ ಕಡಲೆಕಾಯಿ ಗಿಡವೇ ಬೇಕು, ಒಣಗಿದ ಕಸದಲ್ಲಿ ಬಹಳ ದಿನ ಬದುಕುವುದಿಲ್ಲ. ತಾನಾಗಿ ಹುಟ್ಟಿದ ಗಿಡಗಳಿಂದಲೋ ಗಾಳಿಯಲ್ಲಿ ದೂರದಿಂದಲೋ ಬರಬೇಕು, ಕೆಲವು ವರ್ಷ ತಡವಾಗಿ ಬರುತ್ತದೆ, ಕೆಲವು ವರ್ಷ ಬರುವುದೇ ಇಲ್ಲ. ಎಲೆಚುಕ್ಕೆ ಕೂಡ ಹೊಲದ ಒಂದು ಮೂಲೆಯಲ್ಲಿ ಮೊದಲು ಕಾಣಿಸಿಕೊಂಡು ನಿಧಾನವಾಗಿ ಹರಡಿದರೆ ಆ ಮೂಲೆಯ ತಳಿಗಳಿಗೆ ಅನ್ಯಾಯ. ಹಾಗಾಗಿ ತಂದು ಹಾಕಬೇಕು ಎನ್ನುವುದೇ ನನ್ನ ಅಭಿಪ್ರಾಯ. ಕಷ್ಟದ ಕೆಲಸವೇನಲ್ಲ.

ತುಕ್ಕಿಗೆ: ಜೂನ್ ಕೊನೆಯಲ್ಲಿ 20 ಕುಂಡದಲ್ಲಿ ಟಿಎಂವಿ 2 ಬೆಳೆಸಿ. ಬೇಸಿಗೆ ಬೆಳೆ ಕಿತ್ತ ನೀರಾವರಿ ಜಮೀನಿನಲ್ಲಿ ತಾನಾಗಿ ಹುಟ್ಟಿದ ಗಿಡಗಳ ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಗುಳ್ಳೆ ಹುಡುಕಿ, ಆ ಎಲೆ ತಂದು ನೀರಿನಲ್ಲಿ ತೊಳೆದು, ಆ ನೀರನ್ನು ಕುಂಡದ ಎಲೆಗಳ ಅಡಿಭಾಗಕ್ಕೆ ಸಿಂಪಡಿಸಿ. ಒಂದು ರಾತ್ರಿ ಪಾಲಿಥೀನ್ ಮುಚ್ಚಿ ನೆರಳಿನಲ್ಲಿಡಿ. ಎರಡು ವಾರದಲ್ಲಿ ಗುಳ್ಳೆ ಒಡೆಯುತ್ತವೆ. ಪರೀಕ್ಷಾ ತಳಿಗಳಿಗೆ 35ರಿಂದ 40 ದಿನ ಆದಾಗ, ಆಗಸ್ಟ್ ಎರಡನೇ ವಾರ, ಕುಂಡಗಳನ್ನು ಸೋಂಕು ಸಾಲುಗಳ ನಡುವೆ ಸಮ ಅಂತರದಲ್ಲಿ ಹೂತಿಡಿ.

ಎಲೆಚುಕ್ಕೆಗೆ: ಕಪ್ಪು ಚುಕ್ಕೆ ತುಂಬಿದ ಎಲೆಗಳನ್ನು ಒದ್ದೆ ಕಾಗದದ ಮೇಲೆ ಅಡಿಭಾಗ ಮೇಲಾಗಿ ಹರಡಿ, ಮುಚ್ಚಿ, 24ರಿಂದ 48 ಗಂಟೆ ಬಿಡಿ. ಬೀಜಾಣು ಹೊಸದಾಗಿ ಬರುತ್ತವೆ. ಲೀಟರಿಗೆ 4 ಹನಿ ಟ್ವೀನ್ 20 (ಸೋಪಿನಂತೆ ಕೆಲಸ ಮಾಡುವ ದ್ರವ) ಹಾಕಿದ ನೀರಿನಲ್ಲಿ ಮೃದು ಬ್ರಷ್‌ನಿಂದ ತೊಳೆದು, ತೆಳು ಬಟ್ಟೆಯಲ್ಲಿ ಸೋಸಿ. ನಲ್ಲಿಯ ಕ್ಲೋರಿನ್ ನೀರು ಬೇಡ, ಬೋರ್ ಅಥವಾ ಮಳೆ ನೀರು ಇರಲಿ. ಗುರಿ ಮಿಲಿಲೀಟರಿಗೆ 20 ಸಾವಿರದಿಂದ 50 ಸಾವಿರ ಬೀಜಾಣು. ಎಣಿಸಲು ರಕ್ತಕಣ ಎಣಿಸುವ ಹೀಮೋಸೈಟೋಮೀಟರ್ ಗಾಜೇ ಸಾಕು: 1 ಮಿ.ಮೀ. ಚೌಕದಲ್ಲಿ ಸರಾಸರಿ 5 ಕಂಡರೆ ಮಿಲಿಲೀಟರಿಗೆ 50 ಸಾವಿರ, 20 ಕಂಡರೆ 2 ಲಕ್ಷ, ಆಗ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ. ತಾಲ್ಲೂಕಿನ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಗಾಜು, ಸೂಕ್ಷ್ಮದರ್ಶಕ ಇರುವ ಸಂಭವ ಹೆಚ್ಚು, ಕೇಳಿ ನೋಡಿ.

ಹೊಡೆಯುವುದು ಸಂಜೆ 5ರ ಮೇಲೆ. ತುಕ್ಕಿನ ಬೀಜಾಣು ಜೋರು ಬೆಳಕಿನಲ್ಲಿ ಮೊಳೆಯುವುದಿಲ್ಲ, ಎರಡಕ್ಕೂ ರಾತ್ರಿಯಿಡೀ ಎಲೆ ಒದ್ದೆ ಇರಬೇಕು. ತಯಾರಿಸಿದ ಒಂದೆರಡು ಗಂಟೆಯೊಳಗೆ ಮುಗಿಸಿ, ಪಂಪನ್ನು ಆಗಾಗ ಅಲ್ಲಾಡಿಸುತ್ತಿರಿ, ಇಲ್ಲವಾದರೆ ಬೀಜಾಣು ತಳಕ್ಕೆ ಇಳಿದು ಮೊದಲ ಸಾಲಿಗೆ ಬರೀ ನೀರು, ಕೊನೆ ಸಾಲಿಗೆ ಗಸಿ. ಹಿಂದೆ ಶಿಲೀಂಧ್ರನಾಶಕ ಹೊಡೆದ ಪಂಪನ್ನು ಮಾತ್ರ ಬಳಸಲೇಬೇಡಿ. ಎಷ್ಟು ತೊಳೆದರೂ ನಂಬುವಂತಿಲ್ಲ.

ನಾಲೆಬಯಲು_ತಿ.ನರಸೀಪುರ

ತುಕ್ಕಿನ ವಿಷಯ ಒಪ್ಪಿದೆ ಮೇಡಂ. ಆದ್ರೆ ಸ್ಪ್ರಿಂಕ್ಲರ್ ಹಾಕಿದ್ರೆ ಎಲೆ ಮೇಲಿನ ಬೀಜಾಣು ತೊಳೆದು ಹೋಗಲ್ವಾ?

ಸಸ್ಯರೋಗ_ಮಂಡ್ಯ

ಸಿಂಪಡಿಸಿದ ದಿನ ಹಾಕಬೇಡಿ. ಮರುದಿನದಿಂದ, ಮಳೆ ಇಲ್ಲದ ದಿನಗಳಲ್ಲಿ ಮಾತ್ರ, ಸಂಜೆ 15ರಿಂದ 30 ನಿಮಿಷ ಹನಿ ಬೀಳಲಿ, ಸುಮಾರು ಒಂದು ತಿಂಗಳು. ಈ ನೀರು ಗಿಡದ ಬೇರಿಗಲ್ಲ, ಎಲೆ ಒದ್ದೆಯಾಗಿರಲಿ ಎಂದು. ಬೆಳಗ್ಗೆ ಹಾಕಿದರೆ ಹತ್ತು ಗಂಟೆಯ ಬಿಸಿಲಿಗೆ ಆರಿಹೋಗುತ್ತದೆ, ವ್ಯರ್ಥ. ಬಹಳ ಹೊತ್ತು ಹಾಕಿ ಬುಡದಲ್ಲಿ ನೀರು ನಿಲ್ಲಿಸಿದರೆ ಕಾಂಡ ಕೊಳೆ ಕರೆದಂತೆ.

ಅಂಕಿಲೆಕ್ಕ_ಮೈಸೂರು

ಅಂಕ ಹಾಕುವ ಬಗ್ಗೆ ನಾನು ಬರೆಯುತ್ತೇನೆ, ಒಳ್ಳೆಯ ಹೊಲದ ಕೆಲಸವೂ ಹಾಳಾಗುವುದು ಬಹುಪಾಲು ಇಲ್ಲಿಯೇ.

ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ರೂಢಿಗೆ ತಂದ 1ರಿಂದ 9ರ ಮಾಪಕ ಬಳಸಿ. ಎಲೆಯ ವಿಸ್ತೀರ್ಣದಲ್ಲಿ ರೋಗದ ಪಾಲು ಇಲ್ಲವೇ ಇಲ್ಲ ಎಂದರೆ 1. ಶೇ. 1–5 ಇದ್ದರೆ 2, ಶೇ. 6–10 ಇದ್ದರೆ 3, ಶೇ. 11–20ಕ್ಕೆ 4, ಶೇ. 21–30ಕ್ಕೆ 5, ಶೇ. 31–40ಕ್ಕೆ 6, ಶೇ. 41–60ಕ್ಕೆ 7, ಶೇ. 61–80ಕ್ಕೆ 8, ಅದರ ಮೇಲೆ 9. ಎಲೆಚುಕ್ಕೆಗೆ ಒಂದು, ತುಕ್ಕಿಗೆ ಒಂದು ಅಂಕ, ಎರಡನ್ನೂ ಕೂಡಿಸಬೇಡಿ. 3ರವರೆಗೆ ನಿರೋಧಕ, 4–5 ಮಧ್ಯಮ, 6ರಿಂದ ಮೇಲೆ ತುತ್ತಾಗುವವು ಎಂದು ಓದಿಕೊಳ್ಳಬಹುದು.

70, 80, 90ನೇ ದಿನ ಮೂರು ಸಲ, ಒಂದೇ ವ್ಯಕ್ತಿ ಇಡೀ ಪುನರಾವರ್ತನೆ ನೋಡಲಿ. ತಳಿಯ ಹೆಸರು ಕಾಣಬಾರದು, ಗೂಟದ ಮೇಲೆ ಬರೀ ಸಂಖ್ಯೆ ಇರಲಿ. ನಿರೋಧಕವೆಂದು ಹೆಸರಾದ ಜಿಪಿಬಿಡಿ 4 ಎಂದು ಓದಿದ ಕಣ್ಣು ತಾನಾಗಿಯೇ ಒಂದು ಅಂಕ ಕಡಿಮೆ ಕೊಡುತ್ತದೆ.

ಉದುರಿದ ಎಲೆಗಳನ್ನು ಮರೆಯಬೇಡಿ. ಎಲೆಚುಕ್ಕೆಯಲ್ಲಿ ಕೆಟ್ಟ ಎಲೆ ಉದುರಿ ತುದಿಯ ಎಳೆ ಎಲೆಗಳು ಉಳಿಯುತ್ತವೆ. ನಿಂತಿರುವುದನ್ನಷ್ಟೇ ನೋಡಿದರೆ ಅತಿ ಕೆಟ್ಟ ತಳಿಗೆ ಒಳ್ಳೆಯ ಅಂಕ ಬೀಳುತ್ತದೆ. ಸಾಲಿಗೆ 5 ಗಿಡ ಗುರುತು ಹಾಕಿ ನಡುಕಾಂಡದ ಒಟ್ಟು ಗೆಣ್ಣು ಎಣಿಸಿ, ಎಲೆ ಇಲ್ಲದ ಗೆಣ್ಣು ಎಷ್ಟು ಎಂದು ಬರೆಯಿರಿ. 16ರಲ್ಲಿ 8 ಖಾಲಿ ಎಂದರೆ ಶೇ. 50 ಉದುರು. ಒಂದೆಲೆಗೆ ನಾಲ್ಕು ಕಿರುಎಲೆ, ಎರಡು ಉದುರಿದ್ದರೆ ಅರ್ಧ ಗೆಣ್ಣು ಎಂದು ಲೆಕ್ಕ. ತುಕ್ಕಿನಲ್ಲಿ ಎಲೆ ಒಣಗಿದರೂ ಗಿಡಕ್ಕೇ ಅಂಟಿಕೊಂಡಿರುತ್ತದೆ, ಅಲ್ಲಿ ಈ ತೊಂದರೆ ಕಡಿಮೆ.

ಮೂರು ಸಲದ ಅಂಕಿಗಳನ್ನು ರೋಗದ ಏರಿಕೆಯ ಒಟ್ಟು ಮೊತ್ತವಾಗಿ ಮಾಡಿ. ಉದಾಹರಣೆಗೆ ಒಂದು ತಳಿಯಲ್ಲಿ ಶೇ. 10, 30, 60 ಬಂದರೆ (10+30)÷2×10 = 200, (30+60)÷2×10 = 450, ಒಟ್ಟು 650. ಇನ್ನೊಂದರಲ್ಲಿ 5, 10, 30 ಬಂದರೆ 75+200 = 275. ಎರಡನೆಯದರಲ್ಲಿ ರೋಗ ಬಂದಿದೆ, ಆದರೆ ನಿಧಾನವಾಗಿ ಏರಿದೆ. ಕಡಲೆಕಾಯಿಯಲ್ಲಿ ಸಿಗುವ ನಿರೋಧಕತೆ ಬಹುಪಾಲು ಈ ನಿಧಾನದ ಬಗೆಯದೇ. ಮೊತ್ತಕ್ಕೆ ಶೇಕಡಾ ಅಂಕಿಯನ್ನೇ ಹಾಕಿ. 1–9ರ ಮೆಟ್ಟಿಲುಗಳು ಸಮ ಎತ್ತರದವಲ್ಲ, ಅವನ್ನು ಕೂಡಿದರೆ ತಪ್ಪು ಉತ್ತರ ಬರುತ್ತದೆ.

ಒಂದು ನಿಯಮಕ್ಕೆ ಮಾತ್ರ ಯಾವ ರಿಯಾಯಿತಿಯೂ ಬೇಡ. 90ನೇ ದಿನಕ್ಕೆ ಸೋಂಕು ಸಾಲಿನ ಟಿಎಂವಿ 2ರ ಅಂಕ 7 ಮುಟ್ಟದಿದ್ದರೆ ಆ ವರ್ಷದ ಫಲಿತಾಂಶವನ್ನು ಯಾರಿಗೂ ಹೇಳಬೇಡಿ. ಹೊಲದ ಒಂದು ಭಾಗದಲ್ಲಿ ಮಾತ್ರ ಮುಟ್ಟದಿದ್ದರೆ ಆ ಪುನರಾವರ್ತನೆಯನ್ನು ಬಿಡಿ. ಹಾಗೆಯೇ ತಳಿಗಳನ್ನು ಅವಧಿಯ ಪ್ರಕಾರ ಎರಡು ಗುಂಪು ಮಾಡಿ, 105–110 ದಿನದವನ್ನು ತಮ್ಮೊಳಗೆ, 120 ದಾಟಿದವನ್ನು ತಮ್ಮೊಳಗೆ ಹೋಲಿಸಿ. ಅದಕ್ಕೆ ಪ್ರತಿ ತಳಿಯಲ್ಲೂ ಅರ್ಧ ಗಿಡ ಹೂ ಬಿಟ್ಟ ದಿನ ಬರೆದಿಟ್ಟಿರಬೇಕು.

ನಾಗಮಂಗಲ_ಬೆದ್ದಲು

ಚುಕ್ಕೆ ಅಂದ್ರೆ ಎಲ್ಲವೂ ಒಂದೇ ಥರ ಕಾಣ್ತವೆ ನಮಗೆ. ಮುಂಚೆ ಬರೋದು, ತಡವಾಗಿ ಬರೋದು ಅಂತ ಎರಡಿದೆಯಂತಲ್ಲ, ಗುರುತು ಹಿಡಿಯೋದು ಹೆಂಗೆ?

ಸಸ್ಯರೋಗ_ಮಂಡ್ಯ

ಎಲೆ ತಿರುಗಿಸಿ ನೋಡಿ. ತಡವಾದ ಎಲೆಚುಕ್ಕೆ ಅಡಿಭಾಗದಲ್ಲಿ ಕಡುಕಪ್ಪು, ಬೆರಳಾಡಿಸಿದರೆ ಒರಟು, ಮಸೂರದಲ್ಲಿ ಕಪ್ಪು ಚುಕ್ಕಿಗಳ ಉಂಗುರ ಕಾಣುತ್ತದೆ, ಬೀಜಾಣು ಬರುವುದು ಮುಖ್ಯವಾಗಿ ಅಡಿಯಲ್ಲಿ. ಮುಂಚಿನ ಎಲೆಚುಕ್ಕೆ ಕಂದು ಬಣ್ಣ, ಅಡಿಭಾಗ ನುಣುಪು, ಬೀಜಾಣು ಮೇಲ್ಭಾಗದಲ್ಲಿ. ಸುತ್ತಲಿನ ಹಳದಿ ವೃತ್ತ ನೋಡಿ ತೀರ್ಮಾನಿಸಬೇಡಿ, ಅದು ತಳಿ, ಹವೆಗೆ ತಕ್ಕಂತೆ ಎರಡರಲ್ಲೂ ಕಾಣುತ್ತದೆ. ಅನುಮಾನವಿದ್ದರೆ ಸೂಕ್ಷ್ಮದರ್ಶಕ: ತಡವಾದದ್ದರ ಬೀಜಾಣು ದಪ್ಪ, ಗಿಡ್ಡ, ಬಣ್ಣವಿರುವುದು, ಮೂರು ನಾಲ್ಕು ಅಡ್ಡಗೋಡೆ. ಮುಂಚಿನದು ಸಪೂರ, ಉದ್ದ, ಬಣ್ಣವಿಲ್ಲದ್ದು, ಗೋಡೆಗಳು ಹೆಚ್ಚು. ಒಂದನ್ನು ತಡೆಯುವ ತಳಿ ಇನ್ನೊಂದನ್ನೂ ತಡೆಯಬೇಕೆಂದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರೋಗವಲ್ಲದ್ದನ್ನೂ ಬೇರ್ಪಡಿಸಿ. ಸುರುಳಿ ಪೂಚಿ ತಿಂದ ಎಲೆ ದೂರದಿಂದ ಸುಟ್ಟಂತೆ ಕಾಣುತ್ತದೆ. ಕಬ್ಬಿಣದ ಕೊರತೆಯಲ್ಲಿ ನರ ಹಸಿರಾಗಿ ನಡುವೆ ಹಳದಿಯಾಗುತ್ತದೆ, ನಾಲೆ ಬಯಲಿನ ಸುಣ್ಣದಂಶದ ಮಣ್ಣಿನಲ್ಲಿ ಇದು ಹೆಚ್ಚು. ಹುಳುವಿಗೆ ಕೀಟನಾಶಕ ಹೊಡೆಯಬಹುದು. ಗಂಧಕ, ತಾಮ್ರ ಯಾವ ರೂಪದಲ್ಲೂ ಬೇಡ, ಎರಡೂ ಶಿಲೀಂಧ್ರವನ್ನು ತಡೆಯುತ್ತವೆ.

ಬಿತ್ತನೆಬೀಜ_ಹುಣಸೂರು

ಮಳೆ ಕೈಕೊಟ್ಟರೆ ಏನು ಮಾಡುವುದು ಎಂಬುದಕ್ಕೂ ಒಂದು ದಾರಿ ಇರಲಿ. ಕಿತ್ತ ಎಲೆಯ ಪರೀಕ್ಷೆಯನ್ನು ಯಾರಾದರೂ ವಿವರಿಸಿ.

ಸಸ್ಯರೋಗ_ಮಂಡ್ಯ

35–40 ದಿನದ ಗಿಡದಲ್ಲಿ ತುದಿಯಿಂದ ಪೂರ್ತಿ ಬಿಚ್ಚಿದ ಎರಡನೇ ಅಥವಾ ಮೂರನೇ ಎಲೆ, ಎಲ್ಲ ತಳಿಯಲ್ಲೂ ಅದೇ ಸ್ಥಾನದ್ದು. ತೊಟ್ಟಿನ ಬುಡದ ಉಬ್ಬು ಸಮೇತ ಕತ್ತರಿಸಿ. ಆ ಉಬ್ಬಿನಿಂದ ಬೇರು ಬರುವುದರಿಂದಲೇ ಎಲೆ ತಿಂಗಳವರೆಗೆ ಹಸಿರಾಗಿರುತ್ತದೆ, ಅದಿಲ್ಲದೆ ಕತ್ತರಿಸಿದರೆ ಬೇಗ ಹಳದಿಯಾಗಿ ರೋಗ ಕಾಣುವ ಮೊದಲೇ ಪರೀಕ್ಷೆ ಮುಗಿಯುತ್ತದೆ. ತೊಳೆದು ಕುದಿಸಿದ ಹೊಳೆ ಮರಳನ್ನು ಟ್ರೇಯಲ್ಲಿ 3 ಸೆಂ.ಮೀ. ತುಂಬಿ, ಒದ್ದೆ ಮಾಡಿ, ತೊಟ್ಟು ಊರಿ. ತಳಿಗೆ 5 ಎಲೆಯಂತೆ ಮೂರು ಟ್ರೇಗಳಲ್ಲಿ ಹಂಚಿ, ಪ್ರತಿ ಟ್ರೇಯಲ್ಲೂ ಟಿಎಂವಿ 2, ಜಿಪಿಬಿಡಿ 4 ಇರಲಿ. ಸಿಂಪಡಿಸಿ ಪಾಲಿಥೀನ್ ಮುಚ್ಚಿ, 23ರಿಂದ 25 ಡಿಗ್ರಿಯಲ್ಲಿ, ದಿನಕ್ಕೆ 12 ಗಂಟೆ ಟ್ಯೂಬ್‌ಲೈಟ್ ಬೆಳಕು. ನೇರ ಬಿಸಿಲು ತಾಗಿದರೆ ಮುಚ್ಚಿದ ಟ್ರೇಯೊಳಗೆ ಎಲೆ ಬೆಂದುಹೋಗುತ್ತದೆ.

ತುಕ್ಕು 8–10 ದಿನಕ್ಕೆ, ಎಲೆಚುಕ್ಕೆ 10–14 ದಿನಕ್ಕೆ ಕಾಣಿಸುತ್ತದೆ. ಮೊದಲ ಚುಕ್ಕೆ ಕಂಡ ದಿನ, ಅರ್ಧ ಚುಕ್ಕೆಗಳಲ್ಲಿ ಬೀಜಾಣು ಬಂದ ದಿನ, ಚುಕ್ಕೆಗಳ ಸಂಖ್ಯೆ, ಅಡ್ಡಳತೆ ಬರೆಯಿರಿ. ಗಟ್ಟಿ ತಳಿಯಲ್ಲಿ ಚುಕ್ಕೆ ಸಣ್ಣದು, ಬೀಜಾಣು ತಡ ಮತ್ತು ಕಡಿಮೆ, ತುಕ್ಕಿನ ಗುಳ್ಳೆ ಒಡೆಯದೇ ಉಳಿಯುತ್ತದೆ. ಹೊಲದ ಅಂಕದ ಜತೆ ಇದು ಹೊಂದಿದರೆ ಧೈರ್ಯವಾಗಿ ಹೇಳಬಹುದು. ಹೊಲಕ್ಕೆ ಬದಲಿ ಎಂದು ಮಾತ್ರ ಇದನ್ನು ತಿಳಿಯಬೇಡಿ.

ನಾಲೆಬಯಲು_ತಿ.ನರಸೀಪುರ

ಅದೇ ಹೊಲದಲ್ಲಿ ಕಾಂಡ ಕೊಳೆಗೂ ಪರೀಕ್ಷೆ ಮಾಡಿದ್ರೆ? ಜೋಳದ ಕಾಳಿನ ಮೇಲೆ ಶಿಲೀಂಧ್ರ ಬೆಳೆಸಿ ಬುಡಕ್ಕೆ ಹಾಕ್ತಾರಂತೆ.

ಸಸ್ಯರೋಗ_ಮಂಡ್ಯ

ದಯವಿಟ್ಟು ರೈತರ ಜಮೀನಿನಲ್ಲಿ ಮಾಡಬೇಡಿ. ಕಾಂಡ ಕೊಳೆ ತರುವ ಸ್ಕ್ಲೆರೋಶಿಯಂ ರಾಲ್ಫ್ಸಿ ಶಿಲೀಂಧ್ರದ ಸಾಸಿವೆಯಂಥ ಗಡ್ಡೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಬಿಡುವುದಿಲ್ಲ. ಎಲೆರೋಗವನ್ನು ಕೊಯ್ಲಾದ ಮೇಲೆ ಉದುರಿದ ಎಲೆ ಹೂತು, ಬೆಳೆ ಬದಲಿಸಿ ಹತೋಟಿಗೆ ತರಬಹುದು, ಇದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೆಂದೇ ಮೀಸಲಾದ ರೋಗಮಡಿಯಲ್ಲಿ ಅಥವಾ ಕುಂಡದಲ್ಲಿ ಮಾತ್ರ ಮಾಡುವ ಕೆಲಸ.

ಬಿತ್ತನೆಬೀಜ_ಹುಣಸೂರು

ನಿರೋಧಕ ಎಂದಾಕ್ಷಣ ಬಿತ್ತನೆಗೆ ಆರಿಸಬೇಡಿ ಎಂಬುದನ್ನೂ ಸೇರಿಸುತ್ತೇನೆ. ಪೆರು ದೇಶದ ತಾರಾಪೋಟೋ ಎಂಬ ಹಳೆಯ ತಳಿ ತುಕ್ಕು, ಎಲೆಚುಕ್ಕೆ ಎರಡನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಅಂಥವುಗಳ ಸಿಪ್ಪೆ ದಪ್ಪ, ಕಾಳಿನ ಪಾಲು ಕಡಿಮೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ 4 ಮುಖ್ಯವಾದದ್ದು ಇದಕ್ಕೇ: ಅರಾಚಿಸ್ ಕಾರ್ಡೆನಾಸಿ ಎಂಬ ಕಾಡು ಬಗೆಯಿಂದ ಬಂದ ನಿರೋಧಕತೆ ಸಿಎಸ್ 16 ಎಂಬ ಪೋಷಕ ತಳಿಯ ಮೂಲಕ ಅದಕ್ಕೆ ಇಳಿದಿದೆ, ಗೊಂಚಲು ಗಿಡ, ತೆಳು ಸಿಪ್ಪೆ, ಇಳುವರಿ ಉಳಿದಿವೆ. ಅದೇ ತುಕ್ಕು ನಿರೋಧಕ ತುಣುಕನ್ನು ಡಿಎನ್‌ಎ ಗುರುತುಗಳ ಸಹಾಯದಿಂದ ಜೆಎಲ್ 24, ಟಿಎಜಿ 24, ಐಸಿಜಿವಿ 91114ಗಳಿಗೆ ಇಕ್ರಿಸ್ಯಾಟ್‌ನಲ್ಲಿ ಸೇರಿಸಿದ್ದಾರೆ.

ಹಾಗಾಗಿ ಇಳುವರಿಗೆ ಬೇರೆ ಮಡಿ ಇಡಿ, ಸೋಂಕು ಸಾಲಿಲ್ಲದೆ. ಪ್ರತಿ ತಳಿಯ ಅರ್ಧಕ್ಕೆ ಲೀಟರಿಗೆ 2 ಗ್ರಾಂ ಕ್ಲೋರೋಥಲೋನಿಲ್ ಶಿಲೀಂಧ್ರನಾಶಕ 15 ದಿನಕ್ಕೊಮ್ಮೆ, ಅರ್ಧಕ್ಕೆ ಏನೂ ಇಲ್ಲ. ಎರಡಕ್ಕೂ ಗೊಬ್ಬರ, 35ನೇ ದಿನದೊಳಗೆ ಎಕರೆಗೆ 200 ಕಿಲೋ ಲೆಕ್ಕದಲ್ಲಿ ಜಿಪ್ಸಂ, ಒಂದೇ ಥರ. ಹೊಡೆದ, ಹೊಡೆಯದ ಅರ್ಧಗಳ ನಡುವೆ ಕಾಯಿ ತೂಕದಲ್ಲಿ ವ್ಯತ್ಯಾಸ ಕಡಿಮೆ ಇದ್ದು, ಒಟ್ಟು ತೂಕವೂ ಚೆನ್ನಾಗಿದ್ದರೆ ಅದು ನಿಮ್ಮ ತಳಿ. ಹೊಟ್ಟಿನ ತೂಕವನ್ನೂ ಬರೆಯಿರಿ, ಎಲೆ ಉಳಿದ ತಳಿಯ ಹೊಟ್ಟು ದನಗಳಿಗೆ ಒಳ್ಳೆಯ ಮೇವು. ಕ್ಲೋರೋಥಲೋನಿಲ್ ಹೊಡೆದ ಅರ್ಧದ್ದನ್ನು ಮಾತ್ರ ಮೇವಿಗೆ ಹಾಕಬೇಡಿ.

ನಾಗಮಂಗಲ_ಬೆದ್ದಲು

ಪಕ್ಕದ ಹೊಲದವರು ಕೂಡ ಕಡಲೆಕಾಯಿನೇ ಹಾಕೋದು. ನಮ್ಮ ಪರೀಕ್ಷೆಯಿಂದ ಅವರಿಗೆ ತೊಂದರೆ ಆಗಬಾರದು. ಏನು ಮಾಡಬೇಕು?

ಸಸ್ಯರೋಗ_ಮಂಡ್ಯ

ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ, ಹಾಗಾಗಿ ನಿಮ್ಮ ಮಡಿಯ ಈಶಾನ್ಯಕ್ಕೆ ಯಾರ ಕಡಲೆಕಾಯಿಯೂ ಇರದ ಜಾಗ ಆರಿಸಿ, ರಾಗಿ ಹೊಲದ ಮಗ್ಗುಲು ಸಿಕ್ಕರೆ ಉತ್ತಮ. ಸುತ್ತ ನಾಲ್ಕು ಸಾಲು ಜೋಳ ಅಥವಾ ಮುಸುಕಿನ ಜೋಳವನ್ನು ಅಂಚಿನಿಂದ 2 ಮೀಟರ್ ಬಿಟ್ಟು ಹಾಕಿ, ಹತ್ತಿರ ಹಾಕಿದರೆ ನೆರಳು ಬಿದ್ದು ಅಂಚಿನ ತಳಿಗಳ ಅಂಕ ಬದಲಾಗುತ್ತದೆ. ಇದರಿಂದ ಬೀಜಾಣು ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಪಕ್ಕದವರಿಗೆ ಆಗಸ್ಟಿಗೆ ಮೊದಲೇ ತಿಳಿಸಿ. ಅವರ ಹೊಲದಲ್ಲಿ ಚುಕ್ಕೆ ಕಂಡ ಕೂಡಲೇ ಲೀಟರಿಗೆ 1 ಮಿ.ಲೀ. ಹೆಕ್ಸಾಕೊನಜೋಲ್ ಶೇ. 5 ಹೊಡೆಯುವ ಖರ್ಚನ್ನು ಗುಂಪೇ ವಹಿಸಿಕೊಳ್ಳುವುದು ನ್ಯಾಯ. ಆ ಸಿಂಪಡಣೆ ನಿಮ್ಮ ಮಡಿಗೆ ತೇಲಿ ಬರದಂತೆ ಗಾಳಿಯಿಲ್ಲದ ಬೆಳಗಿನ ಹೊತ್ತು ಮಾಡಿಸಿ.

ಕಿತ್ತ ಮೇಲೆ ಉದುರಿದ ಎಲೆಗಳನ್ನು ಗುಡಿಸಿ, ಸೋಂಕು ಸಾಲಿನ ಗಿಡಗಳ ಜತೆ ಆಳವಾಗಿ ಹೂಳಿ, ಒಮ್ಮೆ ಆಳ ಉಳುಮೆ ಮಾಡಿ. ನೆಲದಲ್ಲಿ ಉಳಿದ ಕಾಯಿಗಳಿಂದ ಹಿಂಗಾರಿನಲ್ಲಿ ಮೇಲೇಳುವ ಗಿಡಗಳನ್ನು ಎರಡು ಸಲ ಕೀಳಬೇಕು, ತುಕ್ಕು ಮುಂದಿನ ಬೆಳೆಗೆ ದಾಟುವುದು ಅವುಗಳ ಮೇಲೇ. ಮುಂದಿನ ಬೆಳೆ ರಾಗಿ ಇರಲಿ. ಗೂಟಗಳ ಸಂಖ್ಯೆ, ತಳಿಯ ಹೆಸರು ಬರೆದ ಪಟ್ಟಿಯ ಎರಡು ಪ್ರತಿ ಮಾಡಿ, ಒಂದನ್ನು ಅಂಕ ಹಾಕದವರ ಹತ್ತಿರ ಇಡಿ. ಬಿತ್ತುವ ಮುಂಚೆ ಮಡಿಯ ನಕ್ಷೆ ಇಲ್ಲಿ ಹಾಕಿದರೆ ಸೋಂಕು ಸಾಲುಗಳ ಜಾಗ ನೋಡಿ ಹೇಳುತ್ತೇನೆ.